ಮರಿ ಅಂದದ್ದು ಮೇರಿ ಅಂತ ಕೇಳಿಸಿತಂತೆ

ಮೊನ್ನೆ ಟ್ರಂಕಿನ ತಳದಿಂದ ಕುಲಾವಿ ಹೊರಗೆ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಹಳದಿ ಉಲ್ಲನ್ನಿನದು, ಮಗುವಿನ ಕಿವಿ ಮುಚ್ಚುವಂಥದು, ಗದ್ದದ ಕೆಳಗೆ ಕಟ್ಟಲು ಎರಡು ದಾರ. ನನ್ನ ಮಗಳಿಗೆಂದು ಹೆಣೆದದ್ದು. ಈಗ ಅವಳ ಮಗಳಿಗೆ ಹಾಕಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ಸಂತೋಷಕ್ಕೆ ನಾನು ಕುಣಿಯುವುದೊಂದು ಬಾಕಿ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು, ಹಾಲಿನವನನ್ನೂ ಬಿಡಲಿಲ್ಲ. ಆಮೇಲೆ ಮಗು ಮಲಗಿತು, ಅದನ್ನು ಹೆಣೆದ ಕೈ ನೆನಪಾಯಿತು...

ಆಗ ನಾವು ನ್ಯಾಮತಿಯಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮಗೂ ಪಕ್ಕದ ಮನೆಗೂ ನಡುವೆ ಒಂದೇ ಮೋಟುಗೋಡೆ. ಆ ಮನೆಯಾಕೆ ಹೆಣ್ಣುಮಕ್ಕಳಿಗೆ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದ ಟೀಚರಮ್ಮ. ನಾನು ಅಕ್ಕ ಅನ್ನುತ್ತಿದ್ದೆ. ಆಕೆಗೆ ಒಬ್ಬಳೇ ಮಗಳು, ನನಗೆ ಆಗಿನ್ನೂ ಒಬ್ಬನೇ ಮಗ. ಇಬ್ಬರೂ ಮಕ್ಕಳನ್ನು ಮರಿ ಅಂತಲೇ ಕರೆಯುತ್ತಿದ್ದೆವು. ನಾನು ಅಂಗಳದಲ್ಲಿ ನಿಂತು "ಮರೀ" ಅಂದರೆ ಗೋಡೆಯಾಚೆಯಿಂದ ಆ ಹುಡುಗಿ "ಓ" ಅನ್ನುತ್ತಿದ್ದಳು.

ಅಕ್ಕನ ಗಂಡ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಹೋದ. ಅಷ್ಟು ದಿನವೂ ಚನ್ನಗಿರಿಯಲ್ಲಿದ್ದ ಅವನ ಅಣ್ಣ ಒಮ್ಮೆಯಾದರೂ ಹೊಸ್ತಿಲು ತುಳಿಯಲಿಲ್ಲ. ಬಂದು ನೋಡಿಕೊಂಡವಳು ಆಸ್ಪತ್ರೆಯ ನರ್ಸಮ್ಮ ಒಬ್ಬಳೇ. ಅವಳ ಜೊತೆ ಅಕ್ಕ ಶಿವಮೊಗ್ಗದ ಚರ್ಚಿಗೆ ಹೋಗತೊಡಗಿದಳು. ಅಲ್ಲಿ ಕೂತರೆ ಎದೆ ಹಗುರಾಗುತ್ತದೆ ಅನ್ನುತ್ತಿದ್ದಳು. ಮರುವರ್ಷ ದೀಕ್ಷಾಸ್ನಾನ ಮಾಡಿಸಿಕೊಂಡಳು.

ಆಗ ಬಂದ ನೋಡಿ ಅಕ್ಕನ ಭಾವ! ತಮ್ಮನ ಬಾಯಿಗೆ ಒಂದು ಲೋಟ ಗಂಜಿ ಹಿಡಿಯಲು ಬಸ್ಸು ಸಿಗದವನಿಗೆ ಧರ್ಮ ಕಾಪಾಡಲು ಬಸ್ಸು ಸಿಕ್ಕಿತು. ಕಟ್ಟೆಯ ಮೇಲೆ ನಿಂತು, "ಜಾತಿ ಬಿಟ್ಟೋಳ ಹತ್ರ ನಮ್ಮ ಮನೆತನದ ಮಗೀನ ಬಿಡಾಕಾಗಲ್ಲ" ಅಂದ. ಆರು ವರ್ಷದ ಹುಡುಗಿಯನ್ನು ತನಗೆ ಒಪ್ಪಿಸಬೇಕು ಅಂತ ಶಿವಮೊಗ್ಗದ ಕೋರ್ಟಿನಲ್ಲಿ ಕೇಸು ಹಾಕಿದ. ಧರ್ಮ ಬಿಟ್ಟ ತಾಯಿಯ ಹಕ್ಕು ಕಾನೂನಿನಲ್ಲಿ ಗಟ್ಟಿಯಿಲ್ಲ, ಜಡ್ಜು ಮಗುವಿನ ಹಿತ ನೋಡಿದರೆ ಮಾತ್ರ ಉಳಿಯುತ್ತೀರಿ ಅಂತ ಅಕ್ಕನ ವಕೀಲರು ಹೇಳಿದರು. ಅಕ್ಕ ಮೂರು ದಿನ ಊಟ ಬಿಟ್ಟಳು.

ಭಾವನ ಸಾಕ್ಷಿ ಯಾರು ಅಂದುಕೊಂಡಿರಿ? ನಮ್ಮ ಬೀದಿಯ ಹಿಟ್ಟಿನ ಗಿರಣಿ ಯಜಮಾನ. ಗಿರಣಿಯ ಸದ್ದಿನಲ್ಲೇ ಕೂತೂ ಕೂತೂ ಕಿವಿ ಕಳೆದುಕೊಂಡವನು. ಜೋಳ ಅಂದರೆ ಗೋಧಿ ಬೀಸಿ ಇಡುತ್ತಿದ್ದ. ಆ ಮಹಾಶಯ ದೇವರ ಮೇಲೆ ಆಣೆ ಮಾಡಿ ಹೇಳಿದ: "ಮಗೀನ ಹೆಸ್ರೂ ಕೆಡಿಸ್ಯಾಳೆ ಸ್ವಾಮಿ. ಮೇರಿ, ಮೇರಿ ಅಂತ ಕೂಗ್ತಾಳೆ. ನಾನೇ ಕಿವಿಯಾರೆ ಕೇಳೀನಿ." ಭಾವ ಶಲ್ಯದ ತುದಿಯನ್ನು ಒಣಕಣ್ಣಿಗೆ ಒತ್ತಿಕೊಂಡ.

ಅಕ್ಕನ ಕಡೆ ಸಾಕ್ಷಿ ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಟಕಟೆ ಹತ್ತಿದ್ದು ಅದೇ ಮೊದಲು. ಆದರೆ ಆ ಮೇರಿ ಕೇಳಿ ಮೈ ಉರಿದಿತ್ತು.

"ಮೇರಿ ಅಲ್ಲ ಸ್ವಾಮಿ, ಮರಿ. ಕುರಿಮರಿ, ಕೋಳಿಮರಿ ಅಂತೀವಲ್ಲ, ಆ ಮರಿ. ನನ್ನ ಮಗನ್ನೂ ಹಂಗೇ ಕರೀತೀನಿ. ಈ ಯಜಮಾನ್ರನ್ನ ಅವರವ್ವನೂ ಹಂಗೇ ಕರ್ದಿರ್ತಾಳೆ, ಇವರಿಗೆ ಕೇಳಿಸಿರಾಕಿಲ್ಲ, ಅಷ್ಟೆ."

ಕೋರ್ಟೆಲ್ಲ ನಕ್ಕಿತು. ಗಿರಣಿಯವನು ಮಾತ್ರ "ಏನಂದ್ಲು? ಏನಂದ್ಲು?" ಅಂತ ಪಕ್ಕದವನನ್ನು ತಿವಿಯುತ್ತಿದ್ದ.

ನಗಿಸಿದ ಉಬ್ಬಿನಲ್ಲಿದ್ದೆ ನಾನು. ಭಾವನ ವಕೀಲ ಮೆಲ್ಲಗೆ ಕೇಳಿದ: "ಮಲಗೋ ಮುಂಚೆ ಮಗು ಕೈಲಿ ಪ್ರಾರ್ಥನೆ ಹೇಳಿಸ್ತಾರೇನಮ್ಮ?"

"ಹೂಂ ರೀ, ದಿನಾ ಹೇಳಿಸ್ತಾಳೆ. ಒಳ್ಳೇದೇ ಅಲ್ವಾ?"

ಅವನು ಮತ್ತೇನೂ ಕೇಳದೆ ಕೂತುಬಿಟ್ಟ. ಅಕ್ಕ ತಲೆ ತಗ್ಗಿಸಿದಳು...

ಮಗು ತಾಯಿಯ ಹತ್ತಿರವೇ ಇರಲಿ ಅಂತ ತೀರ್ಪಾಯಿತು. ಆದರೆ ಜೊತೆಗೊಂದು ಷರತ್ತು. ಹುಡುಗಿ ಪ್ರಾಯಕ್ಕೆ ಬರುವ ತನಕ ತಂದೆಯ ಧರ್ಮದಲ್ಲೇ ಬೆಳೆಸಬೇಕು, ಚರ್ಚಿಗೆ ಕರೆದೊಯ್ಯಬಾರದು, ಪ್ರಾರ್ಥನೆ ಕಲಿಸಬಾರದು. ದೊಡ್ಡಪ್ಪ ಬಂದು ನೋಡಿಕೊಂಡು ಹೋಗಬಹುದು. ಕಟಕಟೆಯಲ್ಲಿ ನಾನಂದ ಹೂಂ ಆ ತೀರ್ಪಿನ ಕಾಗದಕ್ಕೆ ಅಂಟಿತ್ತು.

ಆಮೇಲೆ ಭಾನುವಾರಗಳಲ್ಲಿ ಅಕ್ಕ ಹುಡುಗಿಯನ್ನು ನಮ್ಮ ಮನೆಯಲ್ಲಿ ಬಿಟ್ಟು ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ಹುಡುಗಿ ಮಂಡಕ್ಕಿ ಮುಟ್ಟದೆ ಕೂರುತ್ತಿತ್ತು.

"ಚಿಕ್ಕಮ್ಮ, ಅಮ್ಮ ನನ್ನ ಯಾಕೆ ಕರ್ಕಂಡು ಹೋಗಲ್ಲ? ನಾನೇನು ತಪ್ಪು ಮಾಡೀನಿ?"

"ಬಸ್ಸಲ್ಲಿ ಸೀಟಿಲ್ಲ ಕಣೇ."

ಕೋರ್ಟಿನಲ್ಲಿ ನಿಜ ಹೇಳಿದ ಬಾಯಿ ಇದು.

ದೊಡ್ಡಪ್ಪ ಅನ್ನಿಸಿಕೊಂಡವನು ಆಗಾಗ ಬರುತ್ತಿದ್ದ. ಕೈಯಲ್ಲಿ ಒಂದು ಬಾಳೆಹಣ್ಣೂ ಇರುತ್ತಿರಲಿಲ್ಲ. ಹುಡುಗಿಯ ಗದ್ದ ಎತ್ತಿ ಹಣೆಯಲ್ಲಿ ವಿಭೂತಿ ಇದೆಯೋ ಅಂತ ನೋಡುತ್ತಿದ್ದ. ಮಗು ಬಡಕಲಾದದ್ದು ಆ ಕಣ್ಣಿಗೆ ಬೀಳಲಿಲ್ಲ. ಒಂದು ವರ್ಷವಾಗುವುದರೊಳಗೆ ಅಕ್ಕ ಬಸ್ಸು ಹತ್ತುವುದನ್ನೇ ಬಿಟ್ಟಳು. "ಬಿಟ್ಟು ಹೋದ್ರೆ ಮಗು ಅಳ್ತೈತೆ ತಂಗಿ" ಅಂದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ನಾನು ಬಸುರಿಯಾದಾಗ ಈ ಕುಲಾವಿಗೆ ಕೈ ಹಚ್ಚಿದಳು. ಹೆಣೆಯುವಾಗ ತುಟಿ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಹುಡುಗಿಯ ತುಟಿಯೂ ಅಲ್ಲಾಡುತ್ತಿತ್ತು. ಒಂದು ಸಲ ಅದನ್ನು ಕಂಡ ಭಾವ, "ಏನದು?" ಅಂತ ಗದರಿದ. "ಎಳೆ ಎಣಿಸ್ತಾವ್ರೆ, ತಪ್ಪಿದ್ರೆ ಬಿಚ್ಚಬೇಕಾಗ್ತದೆ" ಅಂದೆ ನಾನು. ಕತ್ತೆ ತಲೆಯಾಡಿಸಿ ಚಹಾ ಕುಡಿದು ಹೋಯಿತು. ಎಳೆ ಎಣಿಸುತ್ತಿದ್ದರೋ, ಮತ್ತೇನೋ... ನಾನು ಅಕ್ಕನನ್ನು ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗಿಬಿಡುತ್ತಿತ್ತು, ಗೊತ್ತಾದದ್ದನ್ನು ಮುಚ್ಚಿಡಲು ನನಗೆ ಬರುವುದಿಲ್ಲ.

ಎಂಬತ್ತರ ದಶಕದ ನಡುವೆ ಆಕೆಗೆ ಜಗಳೂರಿನಲ್ಲಿ ಕೆಲಸ ಸಿಕ್ಕಿತು, ತಾಯಿ ಮಗಳು ಹೊರಟುಹೋದರು. ಆಕೆ ತೀರಿಹೋದದ್ದು ನನಗೆ ತಿಳಿದಾಗ ಮಣ್ಣು ಮಾಡಿ ವರ್ಷವಾಗಿತ್ತು.

ಈಗ ಮೊಮ್ಮಗಳಿಗೆ ಕುಲಾವಿ ಕಟ್ಟಿಕೊಂಡು ಎಳೆಬಿಸಿಲಿಗೆ ಕೂತಿದ್ದೇನೆ. ಬೀದಿಗೆಲ್ಲ ಕೇಳುವ ಹಾಗೆ "ಮರೀ" ಅನ್ನುತ್ತೇನೆ. ಮೇರಿ ಅಂತ ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲಿ. ಮಗು ಬೊಚ್ಚುಬಾಯಿ ಬಿಟ್ಟು ನಗುತ್ತದೆ. ಗೋಡೆಯಾಚೆಯಿಂದ "ಓ" ಅನ್ನುವವರು ಮಾತ್ರ ಇಲ್ಲ...