ಸೀರೆ ಹಾಸುವ ಕಲ್ಲು

ಅಕ್ಕನ ಹೋಟೆಲಿನ ಕಲ್ಲಿನ ಟೇಬಲ್ ಕೆಡಿಸಿದವನು ನಾನು. ಅಕ್ಕ ಆ ತಪ್ಪನ್ನು ತನ್ನದೆಂದು ತಿಳಿದುಕೊಂಡಳು, ನೋಡಿದವರೂ ಹಾಗೆಯೇ ತಿಳಿದರು, ಪಕ್ಕದಲ್ಲೇ ಇದ್ದ ನಾನು ಆರು ವರ್ಷ ಬಾಯಿ ಬಿಡಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನಿಧಾನ. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ನಮ್ಮೂರು ನನ್ನಿವಾಳ. ಅಲ್ಲಿಂದ ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಗೆ ಬಂದು ಮಾರ್ಕೆಟ್ಟಿನಲ್ಲಿ ಎರಡು ವರ್ಷ ಶೇಂಗಾ ಮೂಟೆ ಹೊತ್ತೆ. ಬೆನ್ನು ಹಿಡಿದುಕೊಂಡ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿಗೆ ಟೇಬಲ್ ಒರೆಸಲು ಸೇರಿಕೊಂಡೆ. ಮೀಸೆ ಬಂದವನು ಟೇಬಲ್ ಒರೆಸುವುದೇ ಎಂದು ಮೊದಲ ವಾರ ತಲೆ ಎತ್ತಲಿಲ್ಲ. ಎರಡನೇ ವಾರಕ್ಕೆ ಆ ಕೆಲಸ ನನಗೆ ಹಿಡಿಸಿಬಿಟ್ಟಿತು.

ಅದಕ್ಕೆ ಕಾರಣ ಹೋಟೆಲಿನ ಮಾಲೀಕರು. ಅವರು ಕೈಗೆ ದುಡ್ಡು ಬಂದಾಗಲೆಲ್ಲ ಬೇರೆ ಬೇರೆ ಥರದ ಟೇಬಲ್ ಹಾಕಿಸಿದ್ದರು. ಮುಂದಿನ ಸಾಲಿಗೆ ಮಾರ್ಬಲ್, ಫ್ಯಾಮಿಲಿ ರೂಮಿಗೆ ಸನ್‌ಮೈಕಾ, ಹಿಂದುಗಡೆ ಹಳೇ ಮರದ ಮೇಜು, ಗೋಡೆ ಬದಿಗೆ ಕರೀ ಕಡಪ ಕಲ್ಲು. ಒಂದೊಂದಕ್ಕೂ ಒಂದೊಂದು ಗುಣ ಎಂದು ಅವರು ಪಾಠ ಮಾಡುತ್ತಿದ್ದರು. ನಾನು ಚಿತ್ರಾನ್ನ ತಿಂದೆದ್ದವರ ಜಾಗದಲ್ಲಿ ನಿಂಬೆಹಣ್ಣಿನ ಹೋಳು ಬಿಟ್ಟು ಆಚೆ ಹೋದರೆ ಕ್ಯಾಷ್ ಟೇಬಲ್ಲಿನಿಂದಲೇ ಕೂಗುತ್ತಿದ್ದರು.

"ಲೇ, ಮಾರ್ಬಲ್ ಅಂದ್ರೆ ಹಾಲಿದ್ದಂಗೆ. ಹುಳಿ ಬಿದ್ರೆ ಒಡೀತೈತೆ."

ನಿಜವಾಗಿಯೂ ಹುಳಿ ಬಿದ್ದ ಕಡೆ ಮಾರ್ಬಲ್ಲಿನ ಹೊಳಪು ಸತ್ತು ಬಿಳೀ ಉಂಗುರ ಉಳಿಯುತ್ತಿತ್ತು. ಸನ್‌ಮೈಕಾಕ್ಕೆ ಬೇರೆ ಪಾಠ. "ಮೊದ್ಲು ಅಂಚು ಒರೆಸ್ಲೇ. ಅಂಚಲ್ಲಿ ನೀರು ನಿಂತ್ರೆ ಮುನಿಸ್ಕಂಡ ಬೀಗರಂಗೆ ಉಬ್ಬಿಕೊಂಡು ಎದ್ದುಬಿಡ್ತೈತೆ. ಆಮೇಲೆ ಎಷ್ಟು ಒತ್ತಿದ್ರೂ ಕೂರಾಕಿಲ್ಲ." ಮರದ ಮೇಜಿಗೆ ಬಿಸಿನೀರು ತೋರಿಸಿ ಕೂಡಲೇ ಒಣಬಟ್ಟೆ ಹಾಯಿಸಬೇಕು, ಇಲ್ಲದಿದ್ದರೆ ತಿಂಡಿಗೆ ಬಂದವರ ಪಂಚೆಗೆ ಅದರ ಬಣ್ಣ.

ಕಡಪ ಕಲ್ಲೆಂದರೆ ನನಗೆ ಪ್ರಾಣ. ಒರೆಸಿ ಒರೆಸಿ ಅದು ಬೂದಿ ಬಣ್ಣಕ್ಕೆ ತಿರುಗಿದಾಗ, ಮಿಲ್ಲಿನಿಂದ ತಂದ ಶೇಂಗಾ ಎಣ್ಣೆಯಲ್ಲಿ ಬಟ್ಟೆಯುಂಡೆ ಅದ್ದಿ ಉಜ್ಜಬೇಕು. ಅರ್ಧ ದಿನ ಬಿಟ್ಟು ಒಣಬಟ್ಟೆಯಲ್ಲಿ ತಿಕ್ಕಿದರೆ ಕರೀ ಎಮ್ಮೆ ಕೆರೆಯಿಂದ ಎದ್ದು ಬಂದ ಹಾಗೆ ಹೊಳೆಯುತ್ತಿತ್ತು. ಮೇಲೆ ತಿರುಗುವ ಫ್ಯಾನು ಕಲ್ಲಿನೊಳಗೂ ತಿರುಗುತ್ತಿತ್ತು. ಗಿರಾಕಿಗಳು ಬಗ್ಗಿ ಅದರಲ್ಲೇ ತಲೆ ಬಾಚಿಕೊಳ್ಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಅದನ್ನು ನೋಡುತ್ತಾ, ಮೂಟೆ ಹೊತ್ತಾಗ ಯಾರೂ ಹೀಗೆ ನನ್ನ ಕೆಲಸದಲ್ಲಿ ಮುಖ ನೋಡಿಕೊಂಡಿರಲಿಲ್ಲ ಎಂದು ಹಿಗ್ಗುತ್ತಿದ್ದೆ.

ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಅಲ್ಲಿ ನೇಕಾರರ ಓಣಿಯ ತುದಿಯಲ್ಲಿ ಅವಳೂ ಭಾವನೂ ಚಿಕ್ಕ ಹೋಟೆಲ್ ಇಟ್ಟಿದ್ದರು. ಗಿರಾಕಿ ಹೆಚ್ಚಿದಾಗ ಅಕ್ಕ ಅವ್ವನ ಕೈಲಿ ಹೇಳಿಕಳಿಸಿ ನನ್ನನ್ನು ಕರೆಸಿಕೊಂಡಳು. ಬಂದವರಿಗೆಲ್ಲ, "ನನ್ ತಮ್ಮ. ಚಳ್ಳಕೆರೆ ದೊಡ್ಡ ಹೋಟ್ಲಲ್ಲಿ ಕಲ್ತು ಬಂದವ್ನೆ" ಎಂದು ನಾನು ಏನೋ ದೊಡ್ಡ ಪರೀಕ್ಷೆ ಪಾಸು ಮಾಡಿದ ಹಾಗೆ ಪರಿಚಯ ಮಾಡುತ್ತಿದ್ದಳು.

ಆ ಹೋಟೆಲಿಗೆ ಜನ ಎರಡು ಕಾರಣಕ್ಕೆ ಬರುತ್ತಿದ್ದರು. ಒಂದು, ಅಕ್ಕ ಕರಿಯುವ ಮೆಣಸಿನಕಾಯಿ ಬಜ್ಜಿ. ಇನ್ನೊಂದು, ಕಿಟಕಿ ಪಕ್ಕದ ಕಡಪ ಕಲ್ಲಿನ ಟೇಬಲ್. ಅದರ ಮೇಲೆ ತಿಂಡಿ ಇಡುವಂತಿರಲಿಲ್ಲ, ಟೀ ಲೋಟ ಕೂಡ ಇಲ್ಲ. ಮಗ್ಗದಿಂದ ಇಳಿಸಿದ ರೇಷ್ಮೆ ಸೀರೆಯನ್ನು ನೇಕಾರರು ಸಾಹುಕಾರರ ಮನೆಗೆ ಒಯ್ಯುವ ಮೊದಲು ಅಲ್ಲಿ ಬಿಚ್ಚಿ ಹಾಸಿ, ಕಿಟಕಿಯ ಬೆಳಕಲ್ಲಿ ಅಂಚು, ಸೆರಗು ನೋಡುತ್ತಿದ್ದರು. ಒಬ್ಬರ ಸೀರೆಗೆ ಇನ್ನೊಬ್ಬರು ಕುಚೋದ್ಯ ಮಾಡುತ್ತಿದ್ದರು. "ಅಂಚು ಯಾಕೋ ಹಿಂಗೆ ಸೊಟ್ಟಗೈತೆ, ಹೆಂಡ್ತಿ ಜೊತೆ ಜಗಳ ಆಡ್ತಾ ನೇಯ್ದಿಯೇನೋ?" ರೇಷ್ಮೆಯನ್ನು ನಂಬಿ ಹಾಸುವಷ್ಟು ಶುದ್ಧವಾದ ಟೇಬಲ್ ಇನ್ನಾವ ಹೋಟೆಲಲ್ಲೂ ಇಲ್ಲ ಎನ್ನುವುದೇ ಅಕ್ಕನ ಹೆಮ್ಮೆ. ಪ್ರತಿ ಸೀರೆಯನ್ನೂ ಅವಳು ಕೈ ತೊಳೆದು ಬಂದು ಒಮ್ಮೆ ಸವರಿ ನೋಡುತ್ತಿದ್ದಳು.

ನಾನು ಬಂದ ದಿನವೇ ಹೇಳಿದ್ದಳು. "ಈ ಕಲ್ಲಿಗೆ ಬರೀ ನೀರು, ಆಮೇಲೆ ಒಣಬಟ್ಟೆ. ಬ್ಯಾರೆ ಏನೂ ಸೋಕಿಸಬ್ಯಾಡ."

ಆದರೆ ಕಲ್ಲು ಬೂದಿ ಬಣ್ಣಕ್ಕಿತ್ತು. ಚಳ್ಳಕೆರೆಯಲ್ಲಿ ಕಲಿತು ಬಂದವನ ಕಣ್ಣು ಅದನ್ನು ಸಹಿಸಲಿಲ್ಲ. ಒಂದು ಸೋಮವಾರ ಹೋಟೆಲ್ ಮುಚ್ಚಿ ಅಕ್ಕ, ಭಾವ ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋದರು. ನಾನು ಶೇಂಗಾ ಎಣ್ಣೆ ತೆಗೆದು ಕಲ್ಲಿಗೆ ಕುಡಿಸಿದೆ. ಸಂಜೆಯ ಹೊತ್ತಿಗೆ ಬಟ್ಟೆಗೆ ಏನೂ ಹತ್ತದ ಹಾಗೆ ತಿಕ್ಕಿದೆ.

ಮಾರನೇ ದಿನ ಬೆಳಗ್ಗೆ ಅಕ್ಕ ನೋಡಿ ಬೆರಗಾದಳು. ಅಂಗೈ ಇಟ್ಟು ನೋಡಿದಳು, ಒಣಗಿತ್ತು.

"ಏನ್ ಹಾಕಿದ್ಯೋ?"

"ಏನಿಲ್ಲಕ್ಕ. ನೀರು, ಬಟ್ಟೆ, ನನ್ನ ತೋಳು."

ಅವಳು ಭಾವನನ್ನು ಕರೆದು ನನ್ನ ತೋಳು ತೋರಿಸಿ ನಕ್ಕಳು.

ಹನ್ನೊಂದು ಗಂಟೆಗೆ ಬಿಸಿಲು ಕಿಟಕಿಯಿಂದ ಕಲ್ಲಿನ ಮೇಲೆ ಬಿದ್ದಿತ್ತು. ದಿನವೂ ಬರುವ ಮುದುಕ ನೇಕಾರ, ನಾವೆಲ್ಲ ತಾತ ಎನ್ನುತ್ತಿದ್ದವರು, ಗಿಳಿಹಸಿರು ಸೀರೆ ಹಾಸಿದರು. ಬಾಣಲೆಯ ಬಳಿಯಿದ್ದ ಅಕ್ಕ ಕೈ ತೊಳೆದು ಬಂದು ಸೆರಗು ಸವರಿದಳು. ತಾತ ಸೀರೆ ಎತ್ತಿದಾಗ ಸೆರಗಿನ ಮೇಲೆ ಅದೇ ಜಾಗದಲ್ಲಿ ಅಂಗೈಯಗಲ ಎಣ್ಣೆ ಕಲೆ.

ಕಲ್ಲು ಕುಡಿದ ಎಣ್ಣೆ ಬಿಸಿಲಿಗೆ ಬೆವರಿ, ಅವಳ ಕೈ ಒತ್ತಿದ ಕಡೆ ರೇಷ್ಮೆಗೆ ಹತ್ತಿತ್ತು. ನನಗೆ ಆ ಕ್ಷಣವೇ ಗೊತ್ತಾಯಿತು. ಉಳಿದವರು ನೋಡಿದ್ದು ಅಕ್ಕನ ಕೈಯನ್ನು. ಅಕ್ಕನೂ ತನ್ನ ಕೈಯನ್ನೇ ನೋಡಿಕೊಂಡಳು.

"ನನ್ ಕೈಯೇ ತಾತ. ಬಜ್ಜಿ ಕೈ. ತಪ್ಪಾಯ್ತು" ಎಂದು ತಲೆ ತಗ್ಗಿಸಿದಳು.

"ಪರ್ವಾಲೇದಮ್ಮಾ" ಎಂದರು ತಾತ, ಇರಲಿ ಬಿಡಮ್ಮ ಎಂದು ಅವರ ತೆಲುಗಿನಲ್ಲಿ. ನಾನು ಮೂಲೆಯಲ್ಲಿ ನಿಂತು, ಆಗಲೇ ಹಿಂಡಿದ್ದ ಬಟ್ಟೆಯನ್ನು ಮತ್ತೆ ಹಿಂಡುತ್ತಿದ್ದೆ.

ಅಕ್ಕ ಪೌಡರ್ ಡಬ್ಬಿ ತಂದು ಕಲೆಯ ಮೇಲೆ ಪೂರ್ತಿ ಸುರಿದಳು. ರಾತ್ರಿ ಕಳೆದು ಕೊಡವಿದಾಗ ಎಣ್ಣೆಯನ್ನೆಲ್ಲ ಪೌಡರ್ ಹೀರಿಕೊಂಡು ಕಲೆ ಕಾಣದಂತಾಗಿತ್ತು. ಸೀರೆ ಉಳಿಯಿತು. ಆದರೆ ಅಂದಿನಿಂದ ತಾತ ಹೆಗಲ ಮೇಲಿನ ಟವೆಲನ್ನು ಮೊದಲು ಹಾಸಿ, ಅದರ ಮೇಲೆ ಸೀರೆ ಹಾಸತೊಡಗಿದರು. ಅವರನ್ನು ನೋಡಿ ಉಳಿದವರೂ ಟವೆಲ್ ತಂದರು. ಅಕ್ಕ ಬಾಣಲೆ ತೊಳೆದು ಅಟ್ಟಕ್ಕೆ ಹಾಕಿದಳು. ಬಜ್ಜಿ ನಿಂತಿತು. ಸೀರೆ ಸವರುವುದೂ ನಿಂತಿತು, ದೂರದಿಂದಲೇ ನೋಡಿ "ಚೆಂದೈತೆ ತಾತ" ಎನ್ನುವಳು.

ನಾನು ಕದ್ದುಮುಚ್ಚಿ ಕಲ್ಲಿನ ಎಣ್ಣೆ ತೆಗೆದೆ. ಬಿಸಿನೀರಲ್ಲಿ ಕಲಸಿದ ಸೀಗೆಪುಡಿ, ಆಮೇಲೆ ಬೂದಿ, ಮತ್ತೆ ಸೀಗೆಪುಡಿ. ಬಿಸಿಲು ಬಿದ್ದಾಗ ಮೇಲೆ ಪೇಪರ್ ಇಟ್ಟು ನೋಡುತ್ತಿದ್ದೆ. ಎರಡು ತಿಂಗಳಿಗೆ ಪೇಪರಿಗೆ ಎಣ್ಣೆ ಹತ್ತುವುದು ನಿಂತಿತು. ಆಗಲಾದರೂ ಹೇಳಬಹುದಿತ್ತು. ಆದರೆ "ಚಳ್ಳಕೆರೇಲಿ ಕಲ್ತು ಬಂದವ್ನೆ" ಎಂದು ಅಕ್ಕ ಯಾರಿಗೋ ಹೇಳುವುದು ಕೇಳಿಸಿದಾಗಲೆಲ್ಲ ಒರೆಸಿದ ಟೇಬಲನ್ನೇ ಮತ್ತೆ ಒರೆಸುತ್ತಿದ್ದೆ.

ಆ ವರ್ಷಗಳಲ್ಲಿ ನಗೆಗೇನೂ ಬರ ಇರಲಿಲ್ಲ. ಹೊಸದಾಗಿ ಬಂದ ಸನ್‌ಮೈಕಾ ಟೇಬಲ್ಲುಗಳಿಗೆ, ಚಳ್ಳಕೆರೆಯ ಪಾಠ ನನ್ನಿಂದ ಕೇಳಿದ್ದ ಭಾವ "ಬೀಗರು" ಎಂದೇ ಹೆಸರಿಟ್ಟರು. "ಬೀಗರ ಅಂಚು ಒರೆಸಿದ್ಯೇನೋ?" ಎಂದು ಕೂಗಿದರೆ ಹೊಸ ಗಿರಾಕಿಗಳು ಗಾಬರಿಯಾಗಿ ತಮ್ಮ ಪಂಚೆಯ ಅಂಚು ನೋಡಿಕೊಳ್ಳುತ್ತಿದ್ದರು.

ಆರನೇ ವರ್ಷ ಅಕ್ಕ ಕಿಟಕಿ ಪಕ್ಕಕ್ಕೂ ಬೀಗರನ್ನೇ ತರಿಸುವುದೆಂದು ತೀರ್ಮಾನಿಸಿದಳು. ಕಡಪ ಕಲ್ಲನ್ನು ಹಿತ್ತಲಿಗೆ, ಬಟ್ಟೆ ಒಗೆಯಲು. ಎತ್ತಲು ಇಬ್ಬರು ಆಳು ಹಾರೆ ಹಿಡಿದು ಬಂದರು. ತಾತ ಆಗಷ್ಟೇ ಟವೆಲ್ ಹಾಸಿ, ಅದರ ಮೇಲೆ ಸೀರೆ ಹಾಸಿದ್ದರು.

"ತಾತ, ಇದೇ ಕೊನೆ. ಟವೆಲ್ ಹಾಸಬೇಕಾದ ಕಲ್ಲು ಯಾಕೆ ಬೇಕು" ಎಂದಳು ಅಕ್ಕ. ನಗುತ್ತಲೇ ಅಂದಳು. ಆದರೆ ಅಂದವಳು ಅಂಗೈಯನ್ನು ತನ್ನ ಸೆರಗಿಗೆ ಒರೆಸಿಕೊಂಡಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಕಲ್ಲು ಮುಟ್ಟಬ್ಯಾಡ್ರಿ" ಎಂದು ಆಳುಗಳನ್ನು ನಿಲ್ಲಿಸಿದೆ. "ಅಕ್ಕ, ಅವತ್ತಿನ ಕಲೆ ನಿನ್ನ ಕೈದಲ್ಲ. ನೀವು ಬೆಟ್ಟಕ್ಕೆ ಹೋದಾಗ ನಾನು ಕಲ್ಲಿಗೆ ಎಣ್ಣೆ ಕುಡಿಸಿದ್ದೆ. ಬಿಸಿಲಿಗೆ ಅದು ಬೆವರ್ತು."

ಮೊದಲು ನಕ್ಕವರು ತಾತ. "ಚಳ್ಳಕೆರೆಯೋರು ಕಲ್ಲನ್ನೂ ಬಿಡಲಿಲ್ಲವಲ್ಲಮ್ಮಾ, ಅದಕ್ಕೂ ಎಣ್ಣೆನೀರು ಹಾಕ್ಯಾರೆ." ಹಾಗೆನ್ನುತ್ತಲೇ ಸೀರೆಯ ಅಡಿಯಿಂದ ಟವೆಲನ್ನು ಮೆಲ್ಲಗೆ ಎಳೆದು ಹೆಗಲಿಗೆ ಹಾಕಿಕೊಂಡರು.

ಅಕ್ಕ ನಗಲಿಲ್ಲ. ಅಂಗೈ ಎತ್ತಿ ನೋಡಿಕೊಂಡಳು. "ಆರು ವರ್ಷ ದಿನಾ ಈ ಕೈ ಮೂಸಿ ನೋಡ್ಕಂಡಿದೀನಿ ಕಣೋ" ಎಂದಳು.

"ಮೊದ್ಲು ಬಾಣಲೆ ಇಳಿಸಮ್ಮಾ. ಬಜ್ಜಿ ಆದ್ಮೇಲೆ ಅವನಿಗೆ ಹೊಡಿವಂತೆ" ಎಂದರು ತಾತ. ಆಳುಗಳು ಹಾರೆ ಗೋಡೆಗೆ ಒರಗಿಸಿ ಬಜ್ಜಿಗೆ ಕಾಯುವವರಂತೆ ಕೂತೇಬಿಟ್ಟರು. ಅಕ್ಕ ಕೈ ತೊಳೆದು ಬಂದು, ಬರೀ ಕಲ್ಲಿನ ಮೇಲಿದ್ದ ಸೀರೆಯನ್ನು ಸೆರಗಿನ ತುದಿಯವರೆಗೆ ಒಮ್ಮೆ ಸವರಿದಳು. ಅವಳ ಕೈ ಅಲ್ಲಿರುವಾಗಲೇ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅಕ್ಕ, ಎಣ್ಣೆ ಹಚ್ಚಿದ್ದು ತಪ್ಪು. ನೀನು ಇವರ ಮುಂದೆ ತಲೆ ತಗ್ಗಿಸಿದಾಗ ನಾನು ಬಟ್ಟೆ ಹಿಂಡ್ತಾ ನಿಂತಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಿಬಿಡಕ್ಕ."