ನೀರಿನ ಕೆಳಗೆ ಕೊಯ್ಯುವ ಕೈ

ಸೂರ್ಯ ಇನ್ನೂ ಜೊಂಡಿನ ಮರೆಯಲ್ಲೇ ಇದ್ದಾನೆ. ಒರ್ನೆಲ್ಲಾ ಝನಾರ್ದಿ ದೋಣಿಯ ಅಂಚಿಗೆ ಎದೆಯಾನಿಸಿ, ಬಲಗೈಯನ್ನು ಹೆಗಲವರೆಗೆ ಸರೋವರದೊಳಗೆ ಇಳಿಸಿದ್ದಾರೆ. ಕೈಯಲ್ಲಿ ಕುಡುಗೋಲಿದೆ, ನೋಡುವವರಿಗೆ ಕಾಣುವುದಿಲ್ಲ. ಕಾಣುವುದು ಮೊರದಗಲದ ತಾವರೆ ಎಲೆಗಳು ಮಾತ್ರ. ಅವುಗಳಲ್ಲೊಂದು ಸಣ್ಣಗೆ ನಡುಗುತ್ತದೆ, ವಾಲುತ್ತದೆ, ನೀರಿನ ಮೇಲೆ ಮಲಗುತ್ತದೆ. ಒರ್ನೆಲ್ಲಾ ಅದನ್ನೆತ್ತಿ ಹಿಂದಕ್ಕೆಸೆದು ಮುಂದಿನದಕ್ಕೆ ಕೈ ಹಾಕುತ್ತಾರೆ. ಮೂಗಿನ ತುದಿ ನೀರಿಗೆ ತಾಗುವಷ್ಟು ಬಗ್ಗಬೇಕು. ಐವತ್ತೆಂಟರ ಸೊಂಟ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಆದರೆ ಈ ಬೇಸಿಗೆಯಲ್ಲಿ ಸೊಂಟದ ಮಾತು ಕೇಳುವವರು ಯಾರು?

ದೂರದಲ್ಲಿ ಮಾಂತೋವಾ ಪಟ್ಟಣದ ಗುಮ್ಮಟಗಳು ಮಂಜಿನಿಂದ ತಲೆಯೆತ್ತಿವೆ. ಬೇಸಿಗೆಯಿಡೀ ಜನ ಬರುತ್ತಾರೆ. ಅರಮನೆಯ ಚಿತ್ತಾರದ ಕೋಣೆಗಳಲ್ಲಿ ಕತ್ತು ನೋಯುವವರೆಗೆ ಚಾವಣಿ ನೋಡಿ, ಕುಂಬಳದ ಹೂರಣ ತುಂಬಿದ ತೊರ್ತೆಲ್ಲಿ ಕಡುಬು ತಿಂದು, ಮರುದಿನ ಬೆಳಿಗ್ಗೆ ತಾವರೆ ನೋಡಲು ಇಲ್ಲಿಗೆ ಬಂದು ದೋಣಿ ಹತ್ತುತ್ತಾರೆ. ಅವರು ನೋಡಲು ಬರುವ ಹೂವನ್ನೇ ಒರ್ನೆಲ್ಲಾ ಕೊಯ್ದು ರಾಶಿ ಹಾಕುತ್ತಿರುತ್ತಾರೆ. ಹಾಗಾಗಿ ಬೈಸಿಕೊಳ್ಳದ ದಿನವಿಲ್ಲ.

"ನಿಮಗೆ ಹೃದಯ ಅನ್ನೋದು ಇಲ್ವೇನಮ್ಮ ಅಂತ ಮೊನ್ನೆ ಒಬ್ರು ಕೇಳಿದ್ರು. ಇದೆ ಕಣಪ್ಪ, ಆದ್ರೆ ಅದಕ್ಕೂ ಮುಂದೆ ಹೋಗೋಕೆ ದಾರಿ ಬೇಕಲ್ಲ ಅಂದೆ. ಪಾಪ, ಅರ್ಥ ಆಯ್ತೋ ಇಲ್ವೋ."

ದಾರಿಯೆಂದರೆ ವಿಧವೆಯ ಕಾಲುವೆ. ಜೊಂಡಿನ ನಡುವೆ ಹೊರಳುತ್ತ ಹೋಗುವ, ಒಂದೇ ಒಂದು ದೋಣಿ ಹಿಡಿಸುವ ಈ ನೀರಿನ ಓಣಿಗೆ ಯಾವ ವಿಧವೆಯ ಹೆಸರೋ, ಊರಲ್ಲಿ ಯಾರಿಗೂ ನೆನಪಿಲ್ಲ. ಮೋಟಾರು ದೋಣಿ ನುಗ್ಗಿದರೆ ಅದರ ತಿರುಗುವ ರೆಕ್ಕೆಗೆ ದಂಟು ಸುತ್ತಿಕೊಂಡು ನಿಲ್ಲುತ್ತದೆ. ಉದ್ದನೆಯ ಗಳವನ್ನು ಕೆಸರಿಗೆ ಊರಿ ನೂಕುವ, ಚಪ್ಪಟೆ ತಳದ ದೋಣಿ ಮಾತ್ರ ಇಲ್ಲಿ ಹೋಗಬಲ್ಲದು. ಈ ದಡದಲ್ಲಿ ಅಂಥ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವರು ಈಗ ಒರ್ನೆಲ್ಲಾ ಒಬ್ಬರೇ. ತಾವರೆ ಬೆಳೆದು ಕಾಲುವೆ ಮುಚ್ಚಿದರೆ ಅವರ ಕಸುಬೂ ಮುಚ್ಚಿದ ಹಾಗೆಯೇ. ಹಾಗಾದರೆ ಟಿಕೆಟ್ ಕೊಡುವ ಗೂಡಿನಲ್ಲಿ ಕೂರಿಸುತ್ತೇವೆ ಎಂದು ದೋಣಿಯವರ ಸಂಘ ದೊಡ್ಡ ಮನಸ್ಸು ಮಾಡಿ ಹೇಳಿದೆ.

"ಕಿಟಕಿ ಹಿಂದೆ ಕೂತು ಬೇರೆಯವರ ದೋಣಿಗೆ ಚೀಟಿ ಹರಿಯೋದಾ? ಅದಕ್ಕಿಂತ ನನ್ನನ್ನ ಆ ಚರ್ಚಿನ ಮೊಸಳೆ ಪಕ್ಕದಲ್ಲೇ ತೂಗುಹಾಕಿ ಅಂದೆ." ಊರಿನ ದೊಡ್ಡ ಹಬ್ಬ ನಡೆಯುವ ಚರ್ಚಿನ ಚಾವಣಿಯಿಂದ ಒಣಗಿಸಿದ ಮೊಸಳೆಯೊಂದು ತಲೆತಲಾಂತರದಿಂದ ತೂಗುತ್ತಿದೆ. ಈ ಕಡೆಯವರು ಜಗಳದಲ್ಲೂ ಅದರ ಮಾತೆತ್ತದೆ ಬಿಡುವುದಿಲ್ಲ.

ಆ ಹಬ್ಬ ನಾಳೆಯೇ, ಆಗಸ್ಟ್ ತಿಂಗಳ ಕನ್ಯಾಮಾತೆಯ ಹಬ್ಬ. ಅದರೊಳಗೆ ಜನ ಕೂತ ದೋಣಿ ಕಾಲುವೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು, ಇಲ್ಲದಿದ್ದರೆ ಪ್ರವಾಸದ ನಕ್ಷೆಯಿಂದ ಕಾಲುವೆಯನ್ನು ತೆಗೆಯುವುದು ಎಂದು ಸಂಘ ತೀರ್ಮಾನಿಸಿದೆ. ಪರೀಕ್ಷಿಸಲು ಸಂಘದ ಮುಖ್ಯಸ್ಥ ಎರ್ಮೆಸ್ ಗಂದೋಲ್ಫಿ ಇಂದು ಬೆಳಿಗ್ಗೆಯೇ ಬರುತ್ತಾರೆ. ಕೊನೆಯ ತಿರುವಿನಲ್ಲಿ ಒಂದು ಪೊದೆ ಇನ್ನೂ ನಿಂತಿದೆ. ಒರ್ನೆಲ್ಲಾ ಅದನ್ನು ನೋಡುತ್ತಾರೆ, ಏರುವ ಬಿಸಿಲನ್ನು ನೋಡುತ್ತಾರೆ, ಮತ್ತೆ ಬಗ್ಗುತ್ತಾರೆ.

ಒರ್ನೆಲ್ಲಾ ಹುಟ್ಟಿದ್ದು ಜೊಂಡು ಕೊಯ್ಯುವವರ ಮನೆಯಲ್ಲಿ. ಚಾಪೆಗೆ, ಮನೆಯ ಮಾಡಿಗೆ, ತಡಿಕೆಗೆ ಇಲ್ಲಿಯ ಜೊಂಡೇ ಹೋಗುತ್ತಿದ್ದ ಕಾಲ. ಅಪ್ಪ ಆಲ್ಚೀದೆ ಚಳಿಗಾಲದ ಬೆಳಿಗ್ಗೆ ಬಿಸಿ ಸಾರಿಗೆ ಕೆಂಪು ವೈನ್ ಸುರಿದು ಕುಡಿದು, ಮಗಳನ್ನೂ ದೋಣಿಗೆ ಹತ್ತಿಸಿಕೊಂಡು ಹೊರಡುತ್ತಿದ್ದರು. ಅವರ ಕಲಿಸುವಿಕೆಯಲ್ಲಿ ಮಾತು ಕಡಿಮೆ, ಕೋಲು ಜಾಸ್ತಿ. ಜೊಂಡನ್ನು ಯಾವಾಗಲೂ ನೀರಿನ ಮೇಲೆ ಒಂದು ಗೇಣು ಬಿಟ್ಟೇ ಕೊಯ್ಯಬೇಕು. ನೀರಿನ ಕೆಳಗೆ ಕೊಯ್ದರೆ ಟೊಳ್ಳಾದ ಕಡ್ಡಿಯ ಮೂಲಕ ನೀರು ಇಳಿದು ಬೇರು ಕೊಳೆಯುತ್ತದೆ, ಮುಂದಿನ ವರ್ಷ ಆ ಜಾಗ ಬೋಳು.

"ಕುಡುಗೋಲು ಚೂರು ಕೆಳಗಿಳಿದ್ರೂ ಮಣಿಕಟ್ಟಿನ ಮೇಲೆ ಟಪ್ ಅಂತ ಒಂದು ಬೀಳೋದು. ‘ಬೇರಿಗೆ ನೀರು ಕುಡಿಸ್ತೀಯೇನೇ?’ ಅನ್ನೋರು ಅಪ್ಪ. ಎರ್ಮೆಸ್ ಕೂಡ ನಮ್ಮಪ್ಪನ ಹತ್ರಾನೇ ಕಲಿತಿದ್ದು. ಅವನ ಮಣಿಕಟ್ಟು ಕೇಳಿ, ಅದೂ ಹೇಳುತ್ತೆ."

ಜೊಂಡಿನ ವ್ಯಾಪಾರ ಇಳಿಯಿತು. ಅದೇ ದೋಣಿಗಳಿಗೆ ಹಲಗೆ ಬಡಿದು ಊರಿನವರು ಪ್ರವಾಸಿಗರನ್ನು ಕೂರಿಸಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಮೋಟಾರು ತಂದರು. ಒರ್ನೆಲ್ಲಾ ತರಲಿಲ್ಲ. ಅಷ್ಟರಲ್ಲಿ ಅಜ್ಜಂದಿರ ಕಾಲದಲ್ಲಿ ಯಾರೋ ಪೂರ್ವದ ದೇಶಗಳಿಂದ ತಂದು ನೆಟ್ಟ ತಾವರೆ, ಮರ್ಯಾದೆ ಮರೆತ ನೆಂಟನ ಹಾಗೆ, ಕರೆಯದ ಕಡೆಗೂ ಬಂದು ಕೂತಿತ್ತು.

ಹೋದ ವರ್ಷ ಸಂಘದವರೆಲ್ಲ ಸೇರಿ ಕಾಲುವೆಗೆ ಇಳಿದರು. ವಾರವಿಡೀ ಕೊಯ್ದರು. ಎಲ್ಲರೂ ಜೊಂಡಿನಲ್ಲಿ ಪಳಗಿದ ಕೈಗಳು, ಎಲ್ಲ ಕೈಗಳೂ ತಾವರೆಯ ದಂಟನ್ನು ನೀರಿನ ಮೇಲೆ ಒಂದು ಗೇಣು ಬಿಟ್ಟು ಚೊಕ್ಕವಾಗಿ ಕೊಯ್ದವು. ಒಬ್ಬರಿಗೂ ತಾವು ಮಾಡುತ್ತಿರುವುದೇನೆಂದು ಹೊಳೆಯಲಿಲ್ಲ. ತಿಂಗಳು ತುಂಬುವುದರೊಳಗೆ ತಾವರೆ ಮೊದಲಿಗಿಂತ ದಟ್ಟವಾಗಿ ಎದ್ದು ನಿಂತಿತು. ಸೋತ ಸಿಟ್ಟಿನಲ್ಲಿ ಎರ್ಮೆಸ್, "ಸಾಕು, ಮುಚ್ಚಿಬಿಡೋಣ" ಎಂದರು.

ಒರ್ನೆಲ್ಲಾ ಮಾತ್ರ ಮುಚ್ಚಿಬಿಡಲು ತಯಾರಿರಲಿಲ್ಲ. ಶರತ್ಕಾಲದ ದಿನಗಳಲ್ಲಿ ಒಬ್ಬರೇ ಹೋಗಿ ನೋಡುತ್ತಿದ್ದಾಗ ಒಂದು ಕಡೆ ಹಾಸಿಗೆಯಗಲದಷ್ಟು ನೀರು ಬರಿದಾಗಿ ಕಂಡಿತು. ಅದು ತಾವೇ ಕೊಯ್ದ ಜಾಗ. ಅಂದು ಬೆನ್ನು ಹಿಡಿದುಕೊಂಡು, ನಿಲ್ಲಲಾಗದೆ ದೋಣಿಯ ತಳದಲ್ಲಿ ಕೂತು, ಕೈಗೆ ಸಿಕ್ಕಲ್ಲಿ, ನೀರಿನ ಕೆಳಗೇ ಕೊಯ್ದಿದ್ದರು.

"ಸೋಮಾರಿತನ ಮಾಡಿದ ಜಾಗ ಅದೊಂದೇ. ದಂಟು ಹಿಡಿದು ಎಳೆದೆ, ಬೇರಿನ ಸಮೇತ ಬಂತು. ಒಳಗೆಲ್ಲ ನೀರು, ಕೊಳೆತ ಮೊಟ್ಟೆ ವಾಸನೆ. ದೋಣೀಲಿ ಕೂತು ಒಬ್ಬಳೇ ನಕ್ಕೆ. ಅಪ್ಪ ಹೇಳಿದ್ದು ಸರಿನೇ ಇತ್ತು. ಉಳಿಸೋ ಗಿಡಕ್ಕೆ ಹೇಳಿದ್ದನ್ನ ನಾವು ತೆಗೆಯೋ ಗಿಡಕ್ಕೂ ಮಾಡಿದ್ವಿ."

ಒಂದು ಬೇಸಿಗೆ ಕೊಡಿ ಎಂದು ಸಂಘವನ್ನು ಕೇಳಿದರು. ಕೊಟ್ಟರು, ಆದರೆ ಜೊತೆಗೆ ಯಾರೂ ಬರಲಿಲ್ಲ. ಮೇ ತಿಂಗಳಿಂದ ನಸುಕಿನಲ್ಲಿ ಕೊಯ್ಲು, ಬಿಸಿಲೇರಿದ ಮೇಲೆ ಪ್ರವಾಸಿಗರು, ಸಂಜೆ ಮತ್ತೆ ಕೊಯ್ಲು. ದಂಟಿನ ಸಣ್ಣ ಮುಳ್ಳು ತರಚಿ ಬಲಗೈ ಉದ್ದಕ್ಕೂ ಕೆಂಪಗಾಗಿದೆ. ಎಲ್ಲಕ್ಕಿಂತ ಕಷ್ಟ ಆ ಕೈಗೆ ಹೊಸದನ್ನು ಕಲಿಸುವುದಾಗಿತ್ತಂತೆ. "ಮರೆತ್ರೆ ಸಾಕು, ತಾನಾಗೇ ಮೇಲೆ ಹೋಗಿ ನಿಲ್ಲುತ್ತೆ. ಐವತ್ತು ವರ್ಷದ ಹಿಂದೆ ಹೊಡೆಸಿಕೊಂಡು ಕಲಿತ ಕೈ ಅಲ್ವಾ."

ಬಿಸಿಲು ಬಂದಿದೆ. ಪೊದೆ ಇನ್ನೂ ಅರ್ಧ ನಿಂತಿದೆ. ದಡದಲ್ಲಿ ಬ್ರೆಶಾ ನಗರದಿಂದ ಬಂದ ಗಂಡ ಹೆಂಡತಿ ಟೋಪಿ ಹಾಕಿಕೊಂಡು ಕಾದಿದ್ದಾರೆ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಎರ್ಮೆಸ್.

"ಮುಗೀತಾ?" ಎಂದು ಕೇಳುತ್ತಾರೆ ಎರ್ಮೆಸ್.

"ಕೊನೇ ತಿರುವು ಬಿಟ್ಟು."

"ಹಾಗಂದ್ರೆ ಮುಗಿದಿಲ್ಲ."

"ಕೂತ್ಕೊಳೋ ಮಾರಾಯ. ನಿನ್ನ ಹೊಟ್ಟೆ ಮುಂದಿದ್ರೆ ದೋಣಿ ಅರ್ಧ ದಾರಿ ತಾನೇ ಹೋಗುತ್ತೆ."

ಗಳ ಕೆಸರಿಗೆ ಇಳಿಯುತ್ತದೆ, ದೋಣಿ ಸದ್ದಿಲ್ಲದೆ ಕಾಲುವೆಗೆ ಜಾರುತ್ತದೆ. ಹೋದ ವರ್ಷ ಎಲೆ ಬಿಟ್ಟು ಬೇರೇನೂ ಕಾಣದಿದ್ದಲ್ಲಿ ಈಗ ಕಪ್ಪನೆಯ ತೆರೆದ ನೀರು. ಎರಡೂ ಬದಿಗೆ ತಾವರೆ ಎದೆಯೆತ್ತರ ನಿಂತಿದೆ, ಹೂಗಳು ಕೂತವರ ಮುಖದ ಮಟ್ಟಕ್ಕೇ ಬರುತ್ತವೆ. ಬ್ರೆಶಾದ ಹೆಂಗಸು ಫೋಟೋ ತೆಗೆಯಲು ಫೋನ್ ಎತ್ತುವುದನ್ನೂ ಮರೆತು ಕೂತಿದ್ದಾರೆ. ಎರ್ಮೆಸ್ ಆಗಾಗ ಬಗ್ಗಿ ನೀರೊಳಗೆ ನೋಡುತ್ತಾರೆ. ಒರ್ನೆಲ್ಲಾ ಗಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನೂಕುತ್ತಾರೆ.

ಕೊನೆಯ ತಿರುವಿನಲ್ಲಿ ದೋಣಿ ಪೊದೆಗೆ ಮೂತಿ ತೂರಿಸಿ ನಿಲ್ಲುತ್ತದೆ. ಒಮ್ಮೆ ನೂಕುತ್ತಾರೆ, ಮತ್ತೊಮ್ಮೆ ನೂಕುತ್ತಾರೆ. ದೋಣಿ ಕದಲುವುದಿಲ್ಲ. ಪೊದೆಯಾಚೆ ಬೆಳಕು ಕಾಣುತ್ತಿದೆ. ಅಪ್ಪ ಮಧ್ಯಾಹ್ನ ದೋಣಿ ನಿಲ್ಲಿಸಿ ರೊಟ್ಟಿ ಮುರಿದು ಕೊಡುತ್ತಿದ್ದ ದುಂಡನೆಯ ತಿಳಿಗೊಳ ಅದು, ಕಾಲುವೆಯ ಆ ತುದಿ.

"ವಾಪಸ್ ಹೋಗೋಣ್ವಾ?" ಎಂದು ಬ್ರೆಶಾದ ಗಂಡಸು ಮೆಲ್ಲಗೆ ಕೇಳುತ್ತಾರೆ.

ಒರ್ನೆಲ್ಲಾ ಗಳವನ್ನು ಮತ್ತೆ ಕೆಸರಿಗೆ ಊರುತ್ತಾರೆ. ಎರ್ಮೆಸ್ ತಿರುಗಿ ತಾವು ಬಂದ ದಾರಿಯ ತೆರೆದ ನೀರನ್ನು ನೋಡುತ್ತಾರೆ. ಆಮೇಲೆ, "ಕುಡುಗೋಲು ಎಲ್ಲಿಟ್ಟಿದ್ದೀಯೇ?" ಎನ್ನುತ್ತಾರೆ.

ಕುಡುಗೋಲು ಎರ್ಮೆಸ್ ಅವರ ಕಾಲ ಬಳಿಯೇ ಇದೆ. ತೆಗೆದುಕೊಂಡು, ಮಂಡಿಯೂರಿ, ಒಂದು ದಂಟನ್ನು ಹಿಡಿಯುತ್ತಾರೆ. ಅಲಗು ತಾನಾಗಿಯೇ ನೀರಿನ ಮೇಲೆ ಒಂದು ಗೇಣು ಬಿಟ್ಟು ನಿಲ್ಲುತ್ತದೆ. ಒರ್ನೆಲ್ಲಾ ನೀರು ಗೋರುವ ಮರದ ಚಿಪ್ಪನ್ನೆತ್ತಿ ಅವರ ಮಣಿಕಟ್ಟಿನ ಮೇಲೆ ಟಪ್ ಎಂದು ಒಂದು ಬಾರಿಸುತ್ತಾರೆ.

"ಕೆಳಗೆ, ಎರ್ಮೆಸ್."

ಎರ್ಮೆಸ್ ಮಣಿಕಟ್ಟು ಉಜ್ಜಿಕೊಳ್ಳುತ್ತಾರೆ. ನಗು ತಡೆಯಲು ನೋಡುತ್ತಾರೆ, ಆಗುವುದಿಲ್ಲ. ಇಸ್ತ್ರಿ ಅಂಗಿಯ ತೋಳಿನ ಸಮೇತ ಕೈಯನ್ನು ಹೆಗಲವರೆಗೆ ನೀರಿಗೆ ಇಳಿಸುತ್ತಾರೆ. ಎಲೆ ನಡುಗುತ್ತದೆ, ವಾಲುತ್ತದೆ, ಮಲಗುತ್ತದೆ. ಇನ್ನೊಂದು, ಮತ್ತೊಂದು. ಬ್ರೆಶಾದವರು ಟೋಪಿ ತೆಗೆದಿಟ್ಟು ಬಿದ್ದ ಎಲೆಗಳನ್ನು ಎಳೆದು ಒಳಗೆ ಹಾಕಿಕೊಳ್ಳುತ್ತಾರೆ. ದೋಣಿ ಅಲುಗುತ್ತದೆ, ಬದಿಯಲ್ಲಿ ದಂಟುಗಳು ಸವರುತ್ತವೆ, ಆಮೇಲೆ ಆ ಸವರುವ ಸದ್ದೂ ನಿಂತು ದೋಣಿ ತಿಳಿಗೊಳಕ್ಕೆ ಜಾರುತ್ತದೆ. ತಿಳಿಗೊಳದ ಅಂಚಿನಿಂದ ಬೂದು ಕೊಕ್ಕರೆಯೊಂದು ಬೇಸರದಿಂದ ಎದ್ದು ಹೋಗುತ್ತದೆ. ಜೊಂಡಿನ ತುದಿಯ ಮೇಲೆ ಮಾಂತೋವಾದ ಗುಮ್ಮಟಗಳು ನಿಂತಿವೆ.

ಎರ್ಮೆಸ್ ತೋಳು ಹಿಂಡಿಕೊಳ್ಳುತ್ತಾರೆ. "ನಕ್ಷೆ ಹಾಗೇ ಇರ್ಲಿ. ಆದ್ರೆ ಈ ತಿರುವು ಮುಂದಿನ ವಾರ ಇನ್ನೊಂದ್ಸಲ ಕೊಯ್ಬೇಕಾಗುತ್ತೆ."

ಒರ್ನೆಲ್ಲಾ ಗಳಕ್ಕೆ ಎರಡೂ ಕೈ ಊರಿ ಗುಮ್ಮಟಗಳ ಕಡೆಗೇ ನೋಡುತ್ತಿದ್ದಾರೆ. ಕಣ್ಣು ಒದ್ದೆಯಾಗಿದೆ, ದನಿ ಆಗಿಲ್ಲ.

"ಬಾ. ಸೂರ್ಯ ಹುಟ್ಟೋಕೆ ಮುಂಚೆ. ಹಳೇ ಅಂಗಿ ಹಾಕ್ಕೊಂಡು ಬಾ."