ಮೆಟ್ಟಿಲು ಹತ್ತಲಾರದವರಿಗೊಂದು ರೂಮು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಡ್ಜಿನ ಕೆಳಗಿನ ರೂಮಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಚ್ಚಲ ಗೋಡೆಯ ಕಬ್ಬಿಣದ ಹಿಡಿಕೆಗೆ ಎರಡೂ ಕೈ ಹಾಕಿ, ಮಂಡಿ ಮಡಚಿ, ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದಿದ್ದಾರೆ. ಈ ವಯಸ್ಸಿನಲ್ಲಿ ಇದೇನು ಕಸರತ್ತಪ್ಪಾ ಎಂದು ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಹಿಡಿಕೆ ಅಲುಗುವುದಿಲ್ಲ. ಅವರು ಕೈ ಕೊಡವಿಕೊಂಡು ಬಂದು ಮಂಚದ ಅಂಚಿನಲ್ಲಿ ಕೂರುತ್ತಾರೆ, ಕೈ ಊರದೆ ಏಳುತ್ತಾರೆ, ಮತ್ತೆ ಕೂರುತ್ತಾರೆ.

"ನನ್ನ ತೂಕ ತಡ್ಕೊಂಡ್ರೆ ಯಾರ ತೂಕನಾದ್ರೂ ತಡ್ಕೊಳ್ಳುತ್ತೆ ಸಾರ್," ಎನ್ನುತ್ತಾರೆ ನನ್ನ ಮುಖ ನೋಡಿ. "ಹಿಡಿಕೆ ಅನ್ನೋದು ಹಿಡಿದಾಗ ಕೈಗೆ ಬರಬಾರದು. ಮಂಚದಿಂದ ಏಳೋಕೆ ಇನ್ನೊಬ್ಬರ ಕೈ ಬೇಕಾಗಬಾರದು. ಇಷ್ಟು ನೋಡ್ಕೊಂಡೇ ಮಿಕ್ಕ ಕೆಲಸ."

ಮಿಕ್ಕ ಕೆಲಸವೆಂದರೆ ಮೂರು ಮಹಡಿಗಳ ಹನ್ನೊಂದು ರೂಮು. ಕಸ, ನೆಲ, ಬಚ್ಚಲು, ಹಾಸಿಗೆಯ ಬಟ್ಟೆ, ಬಿಸಿನೀರಿನ ಬಕೆಟ್ಟು, ಮೇಲೆ ಟ್ಯಾಂಕಿಗೆ ನೀರು ಹತ್ತಿಸುವ ಮೋಟರು. ಲಿಫ್ಟ್ ಇಲ್ಲ. ಒದ್ದೆ ಬೆಡ್‌ಶೀಟ್ ಹಿಂಡಿ ಹಿಂಡಿ ಬಲ ಮಣಿಕಟ್ಟು ಊದಿಕೊಂಡಿದೆ. ಜೊತೆಗೆ ಲಾಡ್ಜಿನ ಫೋನೂ ಇವರ ಪಾಲಿಗೇ ಬಿದ್ದಿದೆ, ಏಕೆಂದರೆ ಯಜಮಾನರಿಗೆ ಫೋನಿನಲ್ಲಿ ಮಾತಾಡಿದರೆ ಸಿಟ್ಟು ಬರುತ್ತದಂತೆ. ಎಲ್ಲರೂ ಇವರನ್ನು ಕರೆಯುವುದು ಕೀಲಿಯಕ್ಕ ಎಂದು. ಹತ್ತು ರೂಮಿನ ಕೀಲಿಕೈಗಳು ಕೌಂಟರಿನ ಹಲಗೆಯ ಮೇಲೆ ನೇತಾಡುತ್ತವೆ. ಕೆಳಗಿನ ರೂಮಿನ ಕೀಲಿಕೈ ಮಾತ್ರ ಇವರ ಸೊಂಟದಲ್ಲೇ ಇರುತ್ತದೆ.

ನನಗೂ ಇವರಿಗೂ ಪರಿಚಯವಾಗಿದ್ದು ಫೋನಿನ ಜಗಳದಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಹಿರಿಯರು. ನಮ್ಮ ಮನೆಯಲ್ಲಿ ಹಾಸಿಗೆ ಗಿಡ್ಡ, ಕಾಲುಗಳು ಮಾತ್ರ ಉದ್ದುದ್ದ. ಸರೋವರದ ದಡದಲ್ಲಿ ಎರಡು ದಿನ ಸುಮ್ಮನೆ ಬಿದ್ದಿರಬೇಕು, ಜೇಬೂ ಹರಿಯಬಾರದು ಎಂದು ನನ್ನವಳು ಹಟ ಹಿಡಿದಳು. ಹುಡುಕಿ ಹುಡುಕಿ ಸಿಕ್ಕಿದ್ದು ಈ ಲಾಡ್ಜು.

"ಎಷ್ಟು ಜನ ಬರ್ತೀರಿ? ಗೊರಕೆ ಯಾರು ಹೊಡೀತಾರೆ?" ಎಂದು ಆ ಕಡೆಯ ದನಿ ನೇರವಾಗಿ ಕೇಳಿತು.

"ರೀ, ಇದೇನು ಪ್ರಶ್ನೆ?"

"ಗೋಡೆ ತೆಳು ಸಾರ್. ಗೊರಕೆಯವರನ್ನ ಮೂಲೆ ರೂಮಿಗೆ ಹಾಕ್ತೀನಿ."

ನಾನೇ ಎಂದು ಒಪ್ಪಿಕೊಳ್ಳಬೇಕಾಯಿತು. ಮೂಲೆ ರೂಮಿನಿಂದ ಸರೋವರ ಕಾಣುತ್ತದೆಯೇ ಎಂದೆ. "ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ ಎಡಕ್ಕೆ ತಿರುಗಿದ್ರೆ ಕಾಣುತ್ತೆ. ಕುತ್ತಿಗೆ ನೋವಿದ್ರೆ ಕಾಣಲ್ಲ." ಹಾಗಾದರೆ ಬಾಗಿಲು ತೆಗೆದರೆ ನೀರೇ ಕಾಣುವ ಕೆಳಗಿನ ರೂಮು ಕೊಡಿ ಎಂದೆ. "ನಿಮ್ಮಿಬ್ಬರ ಕಾಲು ಚೆನ್ನಾಗಿದೆಯಾ?" ಎಂದರು. ದೇವರ ದಯೆಯಿಂದ ಚೆನ್ನಾಗಿದೆ ಎಂದೆ. "ಹಾಗಾದ್ರೆ ಆಗಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದರು. ನನಗೆ ಎಲ್ಲಿಲ್ಲದ ಕೋಪ ಬಂತು. ಕಾಲು ಚೆನ್ನಾಗಿರುವುದೂ ಒಂದು ತಪ್ಪೇ? ಬಂದು ನೋಡಿದ ಮೇಲೆ ಕೋಪ ಇಳಿಯಿತು. ಈಗ ಎರಡನೇ ಸಲ ಒಬ್ಬನೇ ಬಂದಿದ್ದೇನೆ, ಇವರ ಬಗ್ಗೆ ಬರೆಯಲು.

ಆ ರೂಮು ಮೊದಲು ರೂಮೇ ಆಗಿರಲಿಲ್ಲ. ಮುರಿದ ಮಂಚ, ಬಣ್ಣದ ಡಬ್ಬಿ, ಹರಿದ ಹಾಸಿಗೆ ತುಂಬಿದ ಉಗ್ರಾಣ. ಕೀಲಿಯಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ನೆಲ ಒರೆಸಲು ಬಂದಾಗ ಕೌಂಟರಿನೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಅಜ್ಜ ಕೂತಿದ್ದರು. ಕಾಲಲ್ಲಿ ಶೂ ಹಾಗೇ ಇತ್ತು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳೆಲ್ಲ ಎರಡನೇ ಮಹಡಿಯಲ್ಲಿ ಮಲಗಿದ್ದರು.

"ರಾತ್ರಿಯೆಲ್ಲಾ ಇಲ್ಲೇ ಇದ್ರಾ ತಾತ ಅಂದೆ. ಇಲ್ಲಮ್ಮ, ಈಗ ತಾನೇ ಇಳಿದು ಬಂದೆ ಅಂದ್ರು. ಸಾರ್, ಇಳಿದು ಬರೋಕಾಗೋರು ಹತ್ತಿ ಹೋಗಿರ್ತಿದ್ರಲ್ವಾ? ಮಕ್ಕಳಿಗೆ ಕೆಟ್ಟ ಹೆಸರು ಬರಬಾರದು ಅಂತ ಸುಳ್ಳು ಹೇಳಿದ್ರು."

ಉಗ್ರಾಣ ಖಾಲಿ ಮಾಡಿಕೊಡಿ ಎಂದು ಯಜಮಾನರ ಹಿಂದೆ ಬಿದ್ದರು. ನಿನಗೆ ಬೇಕಿದ್ದರೆ ಮಾಡಿಕೋ, ನನ್ನ ಕಡೆಯಿಂದ ಒಂದು ಮೊಳೆಯೂ ಬರಲ್ಲ ಎಂದರು ಅವರು. ಕೀಲಿಯಕ್ಕನ ಗಂಡ ಗಾರೆ ಕೆಲಸದವರು. ಬಿಡುವಿನ ಭಾನುವಾರಗಳಲ್ಲಿ ಬಂದು ಬಾಗಿಲು ಅಗಲ ಮಾಡಿದರು, ಬಚ್ಚಲ ಹೊಸ್ತಿಲು ಒಡೆದು ನೆಲ ಸಮ ಮಾಡಿದರು, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಅಲ್ಲಿ ಇಲ್ಲಿ ಕೆಲಸ ಮುಗಿದ ಮನೆಗಳಲ್ಲಿ ಉಳಿದ ಟೈಲ್ಸ್ ಕೇಳಿ ತಂದದ್ದರಿಂದ ಬಚ್ಚಲ ನೆಲದಲ್ಲಿ ಒಂದರಂತೆ ಇನ್ನೊಂದಿಲ್ಲ. ಆದರೆ ಯಾವುದೂ ಜಾರುವುದಿಲ್ಲ. ರೂಮು ತಯಾರಾದ ದಿನವೇ ಯಜಮಾನರು ಬಂದವರಿಗೆಲ್ಲ 'ಇದು ನನ್ನ ಐಡಿಯಾ' ಎನ್ನತೊಡಗಿದರಂತೆ.

"ನಮ್ಮ ಮನೆ ಬಚ್ಚಲ ಬಾಗಿಲಿಗೆ ಚಿಲಕ ಹಾಕಿಕೊಡು ಅಂದ್ರೆ ಈವರೆಗೆ ಟೈಮಿಲ್ಲ ಈ ಮನುಷ್ಯನಿಗೆ," ಎಂದು ಗಂಡನನ್ನು ಬೈಯುತ್ತಾರೆ. ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಚಿಲಕದ ಬದಲು ಹಾಡುವ ಪದ್ಧತಿಯಿದೆ. ಒಳಗಿದ್ದವರು ಹಾಡುತ್ತಿರಬೇಕು. ದೊಡ್ಡ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಚಿಕ್ಕವಳು ಓದುತ್ತಿದ್ದಾಳೆ. "ಅಮ್ಮನಿಗೆ ನಾವು ಕಾಲು ಮುರ್ಕೊಂಡ್ರೆ ಮಾತ್ರ ಪ್ರೀತಿ," ಎನ್ನುತ್ತಾಳೆ ದೊಡ್ಡವಳು, ನಗುತ್ತಲೇ.

ಕೀಲಿಯಕ್ಕ ಮಾಡಿಕೊಂಡಿರುವ ಕಟ್ಟಳೆ ಒಂದೇ. ಸಂಜೆಯ ಕೊನೆಯ ಬಸ್ಸು ಬಂದು ಜನ ಇಳಿಯುವವರೆಗೆ ಕೆಳಗಿನ ರೂಮನ್ನು ಗಟ್ಟಿಮುಟ್ಟಾದವರಿಗೆ ಕೊಡುವುದಿಲ್ಲ. ಮೆಟ್ಟಿಲು ಹತ್ತಲಾರದವರು ಯಾರಾದರೂ ಬಂದಾರು ಎಂದು ಕಾಯುತ್ತಾರೆ. ಎಷ್ಟೋ ಸಲ ಬರುತ್ತಾರೆ. ಎಷ್ಟೋ ಸಲ ಬರುವುದಿಲ್ಲ, ಆಗ ರೂಮು ಖಾಲಿ. ಯಜಮಾನರ ತಕರಾರು ಇರುವುದು ಇಲ್ಲಿ. ಅವರು ಕೆಟ್ಟವರೇನಲ್ಲ. ಆಚೆ ದಡದಲ್ಲಿ ಹೊಸ ಹೊಸ ಹೋಟೆಲುಗಳು ಎದ್ದಿವೆ, ಇವರ ಲಾಡ್ಜಿನ ಗೋಡೆ ಬಣ್ಣ ಕಾಣದೆ ವರ್ಷಗಳಾಗಿವೆ. "ಖಾಲಿ ರೂಮು ಅಂದ್ರೆ ಒಡೆದ ಹಾಲಿದ್ದ ಹಾಗೆ ರೀ. ನಾಳೆಗೆ ಅಂತ ಎತ್ತಿಡೋಕಾಗುತ್ತಾ?" ಎಂದು ನನ್ನನ್ನೇ ಕೇಳುತ್ತಾರೆ.

ಹಿಂದಿನ ವಾರವೂ, ಅದರ ಹಿಂದಿನ ವಾರವೂ ಶನಿವಾರದ ರಾತ್ರಿ, ಲಾಡ್ಜು ತುಂಬುವ ದಿನವೇ, ಆ ರೂಮು ಖಾಲಿ ಉಳಿದಿದೆ. ಹಾಗಾಗಿ ಯಜಮಾನರು ಈ ಶನಿವಾರಕ್ಕೆ ಗಡುವು ಕೊಟ್ಟಿದ್ದಾರೆ. ಇವತ್ತೂ ಖಾಲಿ ಬಿದ್ದರೆ ನಾಳೆಯಿಂದ ಅದೂ ಮೊಬೈಲ್ ಬುಕಿಂಗಿಗೆ ಹೋಗುತ್ತದೆ, ಕೀಲಿಕೈ ಹಲಗೆಗೆ ಬರುತ್ತದೆ. ಮೊದಲು ಒತ್ತಿದವರಿಗೆ ರೂಮು, ಕಾಲಿನ ವಿಚಾರಣೆ ಇಲ್ಲ.

"ಕೆಲಸ ಆದ್ರೆ ಇನ್ನೊಂದು ಕಡೆನೂ ಸಿಗುತ್ತೆ. ಆ ರೂಮು ಇನ್ನೆಲ್ಲಿ ಸಿಗುತ್ತೆ ಸಾರ್?" ಎನ್ನುತ್ತಾರೆ ಕೀಲಿಯಕ್ಕ, ದಿಂಬಿಗೆ ಕವರು ತೊಡಿಸುತ್ತ.

ಮಧ್ಯಾಹ್ನದವರೆಗೆ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ. ಒಬ್ಬರಿಗೆ ಮಗುವಿದೆ, ಆಚೆ ಬೀದಿಯ ಲಾಡ್ಜಿಗೆ ಹೋಗಿ, ಅಲ್ಲಿ ಅಂಗಳವಿದೆ ಎಂದು ಕಳಿಸುತ್ತಾರೆ. ಇನ್ನೊಬ್ಬರಿಗೆ ಬೇಗ ಮಲಗುವ ಅಭ್ಯಾಸ, ಹಿಂಬದಿಯ ರೂಮು ಕೊಡುತ್ತಾರೆ. ಕಾಲು ನೋವಿನವರು ಒಬ್ಬರೂ ಇಲ್ಲ. ಮಧ್ಯಾಹ್ನದ ಬಸ್ಸಿನಿಂದ ಇಳಿದವರೆಲ್ಲ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿಕೊಂಡು ಹೋಗುವವರೇ. ಇಷ್ಟೊಂದು ಆರೋಗ್ಯವಂತರನ್ನು ಕಂಡು ನನಗೆ ಜನ್ಮದಲ್ಲೇ ಮೊದಲ ಸಲ ಬೇಜಾರಾಗುತ್ತದೆ. ತಡೆಯಲಾರದೆ ಹೇಳುತ್ತೇನೆ, "ಅಕ್ಕ, ಈಚೆಗೆ ನನ್ನ ಮಂಡೀನೂ ಒಂಥರಾ ಹಿಡ್ಕೊಳ್ಳುತ್ತೆ. ಆ ರೂಮು ನಾನೇ ತಗೋತೀನಿ."

"ಬೆಳಿಗ್ಗೆ ಟೆರೇಸಿಗೆ ಹತ್ತಿ ಫೋಟೋ ಹೊಡೀತಿದ್ದವರು ಯಾರು ಸಾರ್? ನಿಮ್ಮ ಅವಳಿ ತಮ್ಮನಾ?"

ಮಂಡಿ ನೀವುತ್ತಿದ್ದ ಕೈಯನ್ನು ಮೆಲ್ಲಗೆ ಜೇಬಿಗಿಳಿಸುತ್ತೇನೆ.

ಸಂಜೆಗೆ ಒಂದು ಎಳೆಯ ಜೋಡಿ ಬರುತ್ತದೆ. ಮದುವೆಯಾಗಿ ಹೆಚ್ಚು ದಿನವಾಗಿಲ್ಲ ಎಂಬುದು ಹುಡುಗ ಎರಡೂ ಬ್ಯಾಗು ತಾನೇ ಹೊತ್ತಿರುವುದರಲ್ಲೇ ಗೊತ್ತಾಗುತ್ತದೆ. ಉಳಿದಿರುವುದು ಎರಡೇ ರೂಮು. ಒಂದು ಮೂರನೇ ಮಹಡಿಯಲ್ಲಿ ನೀರಿನ ಟ್ಯಾಂಕಿನ ಪಕ್ಕದ್ದು, ಮೋಟರಿನ ಗುರುಗುರು ಕೇಳುವಂಥದು. ಇನ್ನೊಂದು ಕೆಳಗಿನದು. ಹುಡುಗಿ ಬಾಗಿಲಿಂದ ನೀರು ನೋಡಿ "ಇದೇ ಇರಲಿ" ಎನ್ನುತ್ತಾಳೆ. ಯಜಮಾನರು ಕೌಂಟರಿನ ಹಿಂದಿನಿಂದ ಕೀಲಿಯಕ್ಕನನ್ನೇ ನೋಡುತ್ತಿದ್ದಾರೆ. ಕೊಟ್ಟರೆ ರೂಮು ಖಾಲಿ ಬೀಳುವುದಿಲ್ಲ, ಕೀಲಿಕೈ ಕೀಲಿಯಕ್ಕನ ಹತ್ತಿರವೇ ಉಳಿಯುತ್ತದೆ. ಆದರೆ ಕೊನೆಯ ಬಸ್ಸು ಇನ್ನೂ ಬಂದಿಲ್ಲ.

ಅವರು ಸೊಂಟದಿಂದ ಕೀಲಿಕೈ ಬಿಚ್ಚುತ್ತಾರೆ. "ಕೊಡ್ತೀನಿ. ಆದ್ರೆ ಕೊನೇ ಬಸ್ಸಲ್ಲಿ ಮೆಟ್ಟಿಲು ಹತ್ತಲಾಗದವರು ಬಂದ್ರೆ ನೀವು ಟ್ಯಾಂಕಿನ ಪಕ್ಕದ ರೂಮಿಗೆ ಹೋಗ್ಬೇಕು. ಒಪ್ಪಿಗೇನಾ?" ಹುಡುಗ ಅದನ್ನು ತಮಾಷೆ ಎಂದುಕೊಂಡು "ಆಯ್ತಾಯ್ತು ಆಂಟಿ" ಎಂದು ನಗುತ್ತ ಒಳಹೋಗುತ್ತಾನೆ. ಕೀಲಿಯಕ್ಕ ಹೊರಗಿನ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. "ಇಷ್ಟು ವರ್ಷದಲ್ಲಿ ಮೊದಲನೇ ಸಲ, ಯಾರೂ ಬರದೇ ಇರಲಿ ಅಂತ ಬೇಡ್ಕೊಳ್ತಿದೀನಿ ಸಾರ್. ಥೂ, ಎಂಥಾ ಬಾಳು."

ಬೇಡಿಕೆ ಈಡೇರುವುದಿಲ್ಲ. ಕತ್ತಲಾಗುವ ಹೊತ್ತಿಗೆ ಬಂದ ಬಸ್ಸಿನಿಂದ ಇಬ್ಬರು ಅಕ್ಕತಂಗಿಯರು ಇಳಿದು ಬರುತ್ತಾರೆ. ಅಕ್ಕನಿಗೆ ಸೊಂಟದ ಆಪರೇಷನ್ ಆಗಿದೆ, ವಾಕರ್ ಹಿಡಿದು ಒಂದೊಂದೇ ಹೆಜ್ಜೆ. ಬಟ್ಟೆ ಹೊಲಿಯುವ ಕೆಲಸದವರು, ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇದ್ದು ಬೇಸತ್ತು ನೀರು ನೋಡಬೇಕು ಎಂದರಂತೆ. ಎರಡು ಲಾಡ್ಜುಗಳಲ್ಲಿ ಮೆಟ್ಟಿಲು ಕಂಡು ವಾಪಸ್ಸಾಗಿದ್ದಾರೆ. "ನನ್ನನ್ನ ಮೇಲೆ ಹತ್ತಿಸ್ಬೇಕಂದ್ರೆ ಕ್ರೇನೇ ತರಿಸ್ಬೇಕಮ್ಮ," ಎಂದು ಅಕ್ಕ ತಾವೇ ನಗಾಡುತ್ತಾರೆ.

ಕೀಲಿಯಕ್ಕ ಹೋಗಿ ಬಾಗಿಲು ತಟ್ಟುತ್ತಾರೆ. ಹುಡುಗನ ತಲೆಯಲ್ಲಿ ಇನ್ನೂ ನೀರಿದೆ, ಹೆಗಲ ಮೇಲೆ ಟವಲು.

"ಬಂದಿದ್ದಾರೆ. ನೀವು ಮೇಲೆ ಹೋಗ್ತೀರಾ?"

"ಏನ್ ಆಂಟಿ, ಸೀರಿಯಸ್ಸಾಗಿ ಕೇಳ್ತಿದೀರಾ? ಸಾಮಾನೆಲ್ಲ ಬಿಚ್ಚಿಟ್ಟಾಯ್ತು. ದುಡ್ಡು ಕೊಟ್ಟಿಲ್ವಾ ನಾವು?"

"ಏಯ್, ಒಳಗಿರೋ ಗಿರಾಕಿನ ಎಬ್ಬಿಸ್ತಾರೇನೇ?" ಎಂದು ಕೌಂಟರಿನಿಂದ ಯಜಮಾನರು ಗದರುತ್ತಾರೆ.

ಬಾಗಿಲು ಧಡ್ ಎಂದು ಮುಚ್ಚುತ್ತದೆ. ನನ್ನ ಮೈಯೆಲ್ಲ ಉರಿದುಹೋಗುತ್ತದೆ. ಹೋಗಿ ಆ ಹುಡುಗನಿಗೆ ನಾಲ್ಕು ಬೈಯಲೇ ಎಂದು ಏಳುತ್ತೇನೆ. ಕೀಲಿಯಕ್ಕ ತೋಳು ಹಿಡಿದು ಕೂರಿಸುತ್ತಾರೆ. ಮತ್ತೆ ಬಾಗಿಲು ತಟ್ಟುವುದಿಲ್ಲ, ಕಥೆ ಹೇಳುವುದಿಲ್ಲ, ಶಾಪ ಹಾಕುವುದಿಲ್ಲ. ಅಕ್ಕತಂಗಿಯರಿಗೆ ಟೀ ತಂದುಕೊಟ್ಟು, "ಐದು ನಿಮಿಷ ಕೂತಿರಿ," ಎಂದು ತಾವೂ ಪಕ್ಕದಲ್ಲಿ ಕೂತು ರವಿಕೆ ತೋಳಿನ ಅಳತೆ ಬಗ್ಗೆ ಮಾತಿಗಿಳಿಯುತ್ತಾರೆ. ಒಳಗಿಂದ ಗುಸುಗುಸು ಕೇಳುತ್ತದೆ, ಆಮೇಲೆ ಬ್ಯಾಗಿನ ಜಿಪ್ಪಿನ ಸದ್ದು.

ಬಾಗಿಲು ತೆರೆದು ಮೊದಲು ಹುಡುಗಿ ಬರುತ್ತಾಳೆ, ಕೈಯಲ್ಲಿ ಒಂದು ಬ್ಯಾಗು. ಹಿಂದೆಯೇ ಮುಖ ಊದಿಸಿಕೊಂಡ ಹುಡುಗ, ಇನ್ನೊಂದು ಬ್ಯಾಗು ಮತ್ತು ಒದ್ದೆ ಟವಲಿನೊಂದಿಗೆ. ವಾಕರ್ ಹಿಡಿದವರ ಕಡೆ ಅವನು ನೋಡುವುದಿಲ್ಲ. ಮೊದಲ ಮೆಟ್ಟಿಲ ಮೇಲೆ ನಿಂತು, "ಆ ಮೋಟರ್ ಎಷ್ಟು ಹೊತ್ತಿಗೆ ಶುರುವಾಗುತ್ತೆ?" ಎಂದು ಮಾತ್ರ ಕೇಳುತ್ತಾನೆ.

"ನಾಳೆ ನೀವು ಎದ್ದ ಮೇಲೆ," ಎನ್ನುತ್ತಾರೆ ಕೀಲಿಯಕ್ಕ.

ದಿಂಬಿನ ಕವರು, ಬೆಡ್‌ಶೀಟು ಬದಲಾಗುತ್ತವೆ. ಹೊಲಿಗೆಯಕ್ಕ ಮಂಚದಿಂದ ಒಮ್ಮೆ ತಾವೇ ಎದ್ದು, ನಂಬಿಕೆ ಬಾರದೆ ಮತ್ತೆ ಕೂತು, ಮತ್ತೆ ಏಳುತ್ತಾರೆ. ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ನೋಡು, ಮೊಬೈಲಿಗೆ ಹಾಕಲ್ಲ. ಕೀಲಿಕೈ ನಿನ್ನ ಹತ್ರಾನೇ ಇರಲಿ. ಆದ್ರೆ ಇನ್ಮೇಲೆ ಯಾರು ಕೇಳಿದ್ರೂ ಕೊಡಬೇಕು, ಸುಮ್ನೆ ಖಾಲಿ ಇಡೋ ಹಾಗಿಲ್ಲ. ಬೇಕಾದವರು ಬಂದ್ರೆ ಎಬ್ಬಿಸಿ ಕಳಿಸೋದು ನಿನ್ನ ತಲೆನೋವು. ನನ್ನನ್ನ ಮಧ್ಯಕ್ಕೆ ಎಳೀಬೇಡ." ಇದನ್ನೂ ನಾಳೆಯಿಂದ ತಮ್ಮದೇ ಐಡಿಯಾ ಎನ್ನುತ್ತಾರೋ ಏನೋ.

ಅಂದರೆ ಇನ್ನು ಮುಂದೆ ದಿನವೂ ಒಂದು ಬಾಗಿಲು ತಟ್ಟಬೇಕು, ದಿನವೂ ಬೈಸಿಕೊಳ್ಳಬೇಕು. ನನಗೆ ಸಮಾಧಾನವಿಲ್ಲ. ಎಲ್ಲರೂ ಈ ಹುಡುಗಿಯ ಹಾಗಿರುತ್ತಾರೆಯೇ, ಆಗಲ್ಲ ಎಂದು ಬಾಗಿಲು ಹಾಕಿಕೊಂಡರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಹಾಕ್ಕೊಳ್ಳಲಿ ಬಿಡಿ," ಎನ್ನುತ್ತಾರೆ ಕೀಲಿಯಕ್ಕ, ಊದಿದ ಮಣಿಕಟ್ಟು ನೀವಿಕೊಳ್ಳುತ್ತ. "ಮೊದಲು ಎಲ್ಲರೂ ಇಲ್ಲ ಅಂತಾನೇ ಅಂತಾರೆ. ನಾನಾಗಿದ್ರೂ ಅಂತಿದ್ದೆ. ಐದು ನಿಮಿಷ ಅವರ ಪಾಡಿಗೆ ಬಿಟ್ರೆ ಜನ ಒಳ್ಳೆಯವರೇ ಸಾರ್. ಆ ಐದು ನಿಮಿಷ ಯಾರೂ ಕೊಡಲ್ಲ. ನಾನು ಕೊಡ್ತೀನಿ."